ಫೈಲ್‌ಝಿಲ್ಲಾ: ಪರ್ಮಿಶನ್ ಕೆಲಸಕ್ಕೆ ಸಾಕೇ?

ಕಾಸರಗೋಡಿನ ಶಾಲೆ, ಗ್ರಂಥಾಲಯ, ಯಕ್ಷಗಾನ ಸಂಘಗಳ ಸೈಟು ನೋಡಿಕೊಳ್ಳುವವರಿಗೆ ಈ ಪ್ರಶ್ನೆ ಆಗಾಗ ಬರುತ್ತದೆ: ಸರ್ವರಿನ ಫೈಲನ್ನು ಯಾರು ಓದಬಹುದು, ಯಾರು ಬದಲಿಸಬಹುದು ಎಂಬ ಅನುಮತಿ (ಪರ್ಮಿಶನ್) ಹೊಂದಿಸಲು, ಸರ್ವರಿಗೆ ಫೈಲು ಕಳಿಸುವ ತಂತ್ರಾಂಶವಾದ ಫೈಲ್‌ಝಿಲ್ಲಾ ಸಾಕೇ? ಇಲ್ಲಿನ ಶಾಲಾ ಕಂಪ್ಯೂಟರುಗಳಲ್ಲಿರುವುದು ಉಬುಂಟು ಆಧಾರಿತ ಕೈಟ್ ಲಿನಕ್ಸ್ (ಕೇರಳದ ಶಾಲೆಗಳಿಗಾಗಿ ಮಾಡಿದ ಆಪರೇಟಿಂಗ್ ಸಿಸ್ಟಂ). ಇದೇ ಕೆಲಸ ಮಾಡುವ, ಆದರೆ ವಿಂಡೋಸಿಗೆ ಮಾತ್ರ ಸಿಗುವ ವಿನ್‌ಎಸ್‌ಸಿಪಿ ಅಲ್ಲಿ ಆಗದು. ಫೈಲ್‌ಝಿಲ್ಲಾ ಎರಡರಲ್ಲೂ ಓಡುತ್ತದೆ, ಉಚಿತ.

ಫೈಲ್‌ಝಿಲ್ಲಾದ ಸೈಟ್ ಮ್ಯಾನೇಜರಿನಲ್ಲಿ ಎಸ್‌ಎಫ್‌ಟಿಪಿ (ಗುಟ್ಟಾಗಿ ಫೈಲು ಕಳಿಸುವ ವಿಧಾನ) ಆರಿಸಿ, ಪೋರ್ಟ್ 22 ಕೊಡಿ. ಹೋಸ್ಟಿಂಗಿನವರು ಬೇರೆ ಪೋರ್ಟ್ ಕೊಟ್ಟಿದ್ದರೆ ಅದೇ. 21ರ ಸಾದಾ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆಯೇ ಹೋಗುತ್ತದೆ. ಜತೆಗೆ ಕೆಲವು ಸರ್ವರುಗಳು ಪರ್ಮಿಶನ್ ಬದಲಿಸುವ ಆಜ್ಞೆಯನ್ನೇ ಒಪ್ಪುವುದಿಲ್ಲ.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫೈಲ್ ಪರ್ಮಿಶನ್ಸ್' ತೆರೆದರೆ ಒಂಬತ್ತು ಚೌಕಗಳು (ಓನರ್, ಗ್ರೂಪ್, ಉಳಿದವರು ಈ ಮೂವರಿಗೂ ಓದುವ, ಬರೆಯುವ, ಎಕ್ಸಿಕ್ಯೂಟ್ ಅಂದರೆ ಓಡಿಸುವ ಅನುಮತಿ), ಕೆಳಗೆ ಸಂಖ್ಯೆ ಬರೆಯುವ ಜಾಗ; ಮೂವರಿಗೆ ಒಂದೊಂದು ಅಂಕೆ. ಫೈಲಿಗೆ 644, ಫೋಲ್ಡರಿಗೆ 755, ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲಿಗೆ 640 ಅಥವಾ 600. ಸಂಖ್ಯೆಯಲ್ಲಿ ಒಂದು ಅಂಕೆಯ ಜಾಗದಲ್ಲಿ 'ಎಕ್ಸ್' ಅಕ್ಷರ ಹಾಕಿದರೆ ಆ ಭಾಗ ಇದ್ದಂತೆಯೇ ಉಳಿಯುತ್ತದೆ. ಇದು ಹೆಚ್ಚಿನವರ ಕಣ್ಣಿಗೆ ಬೀಳದ ಒಳ್ಳೆಯ ಸೌಲಭ್ಯ.

ಎಡವುವುದು ಒಳಫೋಲ್ಡರುಗಳಿಗೂ ಅನ್ವಯಿಸುವಾಗ. 'ಎಲ್ಲ ಫೈಲು, ಫೋಲ್ಡರುಗಳಿಗೆ' ಎಂಬ ಆಯ್ಕೆಯನ್ನು ಹಾಗೆಯೇ ಇರಗೊಟ್ಟು 644 ಒತ್ತಿದಿರೋ, ಫೋಲ್ಡರುಗಳ ಎಕ್ಸಿಕ್ಯೂಟ್ ಬಿಟ್ ಹೋಗುತ್ತದೆ. ಆ ಬಿಟ್ ಇಲ್ಲದ ಫೋಲ್ಡರಿನ ಒಳಗೆ ಸರ್ವರಿಗೂ ಕಾಲಿಡಲಾಗದು, ನಿಮಗೂ ಆಗದು: ಸೈಟಿನಲ್ಲಿ 403 (ಪ್ರವೇಶವಿಲ್ಲ) ಎರರ್, ಫೈಲ್‌ಝಿಲ್ಲಾದಲ್ಲಿ 'ಪರ್ಮಿಶನ್ ಡಿನೈಡ್'. ಸರಿಪಡಿಸಲು ಮೇಲಿನ ಫೋಲ್ಡರಿನಿಂದ ಒಂದೊಂದೇ ಹಂತ ಇಳಿಯುತ್ತ 755 ಕೊಡಬೇಕು. ಮೊದಲೇ 'ಫೋಲ್ಡರುಗಳಿಗೆ ಮಾತ್ರ' 755, ಆಮೇಲೆ 'ಫೈಲುಗಳಿಗೆ ಮಾತ್ರ' 644 ಎಂದು ಎರಡು ಸುತ್ತು ಮಾಡಿದರೆ ಈ ರಗಳೆಯೇ ಇಲ್ಲ. ವಿನ್‌ಎಸ್‌ಸಿಪಿ ಇಲ್ಲಿ ಜಾಣ: ಎಫ್9 ಒತ್ತಿ, ಫೋಲ್ಡರುಗಳಿಗೆ ಎಕ್ಸಿಕ್ಯೂಟ್ ಸೇರಿಸುವ ಚೌಕಕ್ಕೆ ಟಿಕ್ ಹಾಕಿದರೆ ಒಂದೇ ಸುತ್ತು.

ಮಳೆಗಾಲದ ನೆಟ್ಟಿಗೆ ಇನ್ನೊಂದು ಎಚ್ಚರ. ಪ್ರತಿಯೊಂದು ಫೈಲಿಗೂ ಬೇರೆಬೇರೆ ಆಜ್ಞೆ ಹೋಗುವುದರಿಂದ ಸಾವಿರಾರು ಫೈಲುಗಳಿದ್ದರೆ ಬಹಳ ಹೊತ್ತು ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಅರ್ಧ ಬದಲಾಗಿ, ಅರ್ಧ ಹಾಗೆಯೇ. ಎಸ್‌ಎಸ್‌ಎಚ್ (ಸರ್ವರಿಗೆ ನೇರ ಆಜ್ಞೆ ಕೊಡುವ ದಾರಿ) ಇದ್ದಲ್ಲಿ 'ಫೈಂಡ್' ಆಜ್ಞೆಯಿಂದ ಸರ್ವರಿನಲ್ಲೇ ಮಾಡಿಸುವುದು ಎಷ್ಟೋ ವಾಸಿ.

ಪರ್ಮಿಶನ್ ಬದಲಾಗದಿದ್ದರೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡಲು ಹೋಗಬೇಡಿ. ಕೆಲವು ಹೋಸ್ಟಿಂಗುಗಳಲ್ಲಿ ಪಿಎಚ್‌ಪಿ ಫೈಲಿಗೆ 777 ಕೊಟ್ಟರೆ ನೇರ 500 ಎರರ್. ಮೊದಲು ಪಟ್ಟಿಯ 'ಓನರ್/ಗ್ರೂಪ್' ಕಾಲಂ ನೋಡಿ. ಅಲ್ಲಿ ನಿಮ್ಮ ಹೆಸರಿನ ಬದಲು ವೆಬ್ ಸರ್ವರಿನ ಖಾತೆ (ಉಬುಂಟುವಿನಲ್ಲಿ 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ') ಇದ್ದರೆ, ಫೈಲು ಸೈಟೇ ಸೃಷ್ಟಿಸಿದ್ದು. ನಿಮ್ಮ ಲಾಗಿನ್‌ನಿಂದ ಅದು ಬದಲಾಗದು. ಓನರ್ ಬದಲಿಸುವ ದಾರಿ ಫೈಲ್‌ಝಿಲ್ಲಾದಲ್ಲಿಲ್ಲ. ಅದಕ್ಕೆ ರೂಟ್ (ಸರ್ವರಿನ ಮುಖ್ಯ ನಿರ್ವಾಹಕ) ಅಧಿಕಾರವೇ ಬೇಕು. ಶೇರ್ಡ್ ಹೋಸ್ಟಿಂಗಾದರೆ (ಒಂದೇ ಸರ್ವರಿನಲ್ಲಿ ಹಲವರ ಸೈಟು) ಹೋಸ್ಟಿಂಗಿನವರಿಗೆ ಟಿಕೆಟ್ (ಸಹಾಯದ ಕೋರಿಕೆ) ಹಾಕಿ, ಫೋಲ್ಡರಿನ ಪೂರ್ತಿ ಹಾದಿ ಬರೆಯಿರಿ.