ಮೂರು ಮಳೆಗಾಲ ಕಂಡ ಬ್ರೇಕು: ಕಾರವಾರದಿಂದ

ಗಾಡಿ ಕೆಟಿಎಂ ಆರ್‌ಸಿ 390 ಬೈಕ್. ಮುಂದೆ 320 ಎಂಎಂ ಡಿಸ್ಕ್, ಪ್ಯಾಡನ್ನು ಅದಕ್ಕೆ ಅದುಮಿ ಹಿಡಿಯಲು ನಾಲ್ಕು ಪಿಸ್ಟನ್‌ನ ಬೈಬ್ರೆ ಕಂಪನಿಯ ಕ್ಯಾಲಿಪರ್. ವರ್ಷಕ್ಕೆ ಎರಡು ಮೂರು ಸಲ ಪಿಕಪ್‌ಗೆ ಏರಿಸಿ ಕೊಯಮತ್ತೂರಿಗೋ ಚೆನ್ನೈಗೋ ರೇಸ್ ಟ್ರ್ಯಾಕಿಗೆ ಒಯ್ಯುತ್ತೇನೆ. ಉಳಿದ ದಿನವೆಲ್ಲ ಕೋಡಿಬಾಗದ ಶೆಡ್ಡಿನಲ್ಲೇ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಬ್ರೇಕ್ ಹಾಳಾಗುವುದು ಟ್ರ್ಯಾಕಿನಲ್ಲಲ್ಲ ಮಾರಾಯ್ರೆ, ಹೀಗೆ ಸುಮ್ನೆ ನಿಂತಾಗಲೇ.

ಮೂರು ವರ್ಷದಿಂದ ಹಾಕುತ್ತಿರುವುದು ಇಬಿಸಿ ಕಂಪನಿಯ ಎಚ್‌ಎಚ್ ಸಿಂಟರ್ಡ್ (ಲೋಹದ ಪುಡಿ ಬೆಸೆದು ಮಾಡಿದ) ಪ್ಯಾಡ್ ಮತ್ತು ಮೊಟುಲ್ ಆರ್‌ಬಿಎಫ್ 600 ಬ್ರೇಕ್ ಆಯಿಲ್. ಪ್ಯಾಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಚೆನ್ನಾಗಿದೆ. ಬಿಸಿಯಾದ ಮೇಲೂ ಕಚ್ಚುತ್ತದೆ, ಮಳೆಯಲ್ಲೂ ಕಚ್ಚುತ್ತದೆ. ಹೊಸದು ಹಾಕಿದ ದಿನ ಬೆಳಿಗ್ಗೆ ಕದ್ರಾ ಕಡೆಯ ಖಾಲಿ ರಸ್ತೆಗೆ ಹೋಗಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ಪೂರ್ತಿ ನಿಲ್ಲಿಸದೆ ಹತ್ತು ಹನ್ನೆರಡು ಸಲ ವೇಗ ಇಳಿಸಿ ಬರುತ್ತೇನೆ. ಅಷ್ಟೇ.

ತಲೆನೋವು ಕೊಟ್ಟಿದ್ದು ಆಯಿಲ್. ನಾವೆಲ್ಲ ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ, ಗಾಳಿಯಲ್ಲಿರುವ ನೀರನ್ನು ಹೀರುವ ದ್ರವ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆರ್‌ಬಿಎಫ್‌ಗೆ ಹೇಳುವ 312 ಡಿಗ್ರಿಯೂ ಸೀಲ್ ಒಡೆಯದ ಬಾಟಲಿಯ ಲೆಕ್ಕ. ಮೊದಲ ವರ್ಷ ನಾನು ಮಾಡಿದ ಜಿಪುಣತನ ನೋಡಿ: ಅರ್ಧ ಬಾಟಲಿ ಉಳಿದಿತ್ತು, ಮುಚ್ಚಳ ಬಿಗಿ ಮಾಡಿ ಕಪಾಟಿನಲ್ಲಿಟ್ಟೆ, ಇಡೀ ಮಳೆಗಾಲ ಅದು ಅಲ್ಲೇ ಕೂತಿತ್ತು, ಆಮೇಲೆ ಅದನ್ನೇ ತುಂಬಿಸಿಕೊಂಡು ಚೆನ್ನೈಗೆ ಹೋದೆ. ಐದನೇ ಸುತ್ತಿಗೆ ಆಯಿಲ್ ಕುದಿದು ಗುಳ್ಳೆ ಎದ್ದು, ಲಿವರ್ ಹಿಡಿದರೆ ಸೀದಾ ಹ್ಯಾಂಡಲ್‌ಗೆ ಬಂದು ತಾಗಿತು. ಪಂಪ್ ಮಾಡಿ ಮಾಡಿ, ಮಣ್ಣಿಗೆ ಇಳಿದು ನಿಂತೆ. ಬೀಳಲಿಲ್ಲ, ಪುಣ್ಯ.

ಈಗ ಶಿರಸಿಯ ಗೆಳೆಯ ಘಾಟಿ ಇಳಿದು ಬರುತ್ತಾನೆ, 500 ಎಂಎಲ್ ಬಾಟಲಿ ಒಡೆದು ಎರಡೂ ಗಾಡಿಗೆ ಅದೇ ದಿನ ಮುಗಿಸುತ್ತೇವೆ. ಪ್ರತಿ ಟ್ರ್ಯಾಕ್ ಡೇ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಹಳೆಯದು ಕಣ್ಣಚಹಾ (ಹಾಲಿಲ್ಲದ ಚಹಾ) ಬಣ್ಣದಲ್ಲಿ ಹೊರಬರುತ್ತದೆ. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿಕೊಳ್ಳಿ, ಹನಿ ಬಿದ್ದರೆ ಪೇಂಟ್ ಎದ್ದು ಬರುತ್ತದೆ.

ಇನ್ನೊಂದು ತಲೆನೋವು ಪಿನ್, ಪ್ಯಾಡನ್ನು ಕ್ಯಾಲಿಪರ್‌ನಲ್ಲಿ ಹಿಡಿದಿಡುವ ಕಡ್ಡಿ. ಹೋದ ಅಕ್ಟೋಬರಿನಲ್ಲಿ ಪ್ಯಾಡ್ ಬಿಚ್ಚಲು ಹೋದರೆ ಪಿನ್ ಅಲ್ಲಾಡಲೇ ಇಲ್ಲ. ಅಲೆನ್ ಕೀ ಜಾರಿ ತಲೆ ದುಂಡಗಾಯಿತು. ಕ್ಯಾಲಿಪರ್ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ, ಪಿನ್ ಮೇಲೆ ಕೆಂಪು ತುಕ್ಕು. ಗೆಳೆಯನ ಗಾಡಿಯಲ್ಲಿ ಇದೆಲ್ಲ ಇಲ್ಲ. ಶಿರಸಿಯಲ್ಲೂ ಮಳೆ ಜೋರೇ, ಆದರೆ ಉಪ್ಪಿಲ್ಲವಲ್ಲ. ಈಗ ತಿಂಗಳಿಗೊಮ್ಮೆ ಪಿನ್ ತೆಗೆದು ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚುತ್ತೇನೆ. ಪಿಸ್ಟನ್ ಸುತ್ತ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಸೋಪು ನೀರು ಹಾಕಿ ಉಜ್ಜಿ, ಆಮೇಲೆಯೇ ಒಳಗೆ ತಳ್ಳುವುದು. ಕೊಳೆ ಸಮೇತ ತಳ್ಳಿದರೆ ಸೀಲ್ ಹೋಯಿತು ಅಂತಲೇ ಲೆಕ್ಕ. ಮಾಮೂಲಿ ಗ್ರೀಸ್ ಅಲ್ಲಿಗೆ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಹಿಂದಿನ ಬ್ರೇಕನ್ನು ಟ್ರ್ಯಾಕಿನಲ್ಲಿ ಮುಟ್ಟುವುದೇ ಅಪರೂಪ ಅಲ್ವಾ, ಅಲ್ಲಿ ಮೂರು ವರ್ಷದಿಂದ ಅದೇ ಪ್ಯಾಡ್. ಪಿನ್ ಮಾತ್ರ ಎರಡು ಸಲ ಹೊಸದು ಹಾಕಿದ್ದೇನೆ.