ಥರ್ಮಲ್ ಡ್ರೋನ್‌ನವನು ‘ಕ್ಲಿಯರ್’ ಅಂದ ಅಂತ ಆಳುಗಳನ್ನು ತೋಟಕ್ಕೆ ಇಳಿಸಬೇಡಿ

ಸಕಲೇಶಪುರ, ಆಲೂರು, ಬೇಲೂರು ಕಡೆಯ ಬೆಳೆಗಾರರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೊಡಗು, ಮೂಡಿಗೆರೆಯವರೂ ಓದಿ, ನಿಮ್ಮ ಕಡೆಗೂ ಇವರು ಬರ್ತಾರೆ. “ಬಿಸಿ ಗುರುತಿಸೋ ಥರ್ಮಲ್ ಕ್ಯಾಮೆರಾದ ಡ್ರೋನ್ ಹಾರಿಸಿ, ತೋಟದಲ್ಲಿ ಆನೆ ಇದೆಯೋ ಇಲ್ಲವೋ ಹತ್ತೇ ನಿಮಿಷದಲ್ಲಿ ಹೇಳ್ತೀವಿ” ಅಂತ ಕುಯ್ಲಿನ ಸಮಯಕ್ಕೆ ಪ್ಯಾಕೇಜ್ ಮಾರುವವರು ಈಗ ಜಾಸ್ತಿಯಾಗಿದ್ದಾರೆ. ನಮ್ಮ ಅಕ್ಕಪಕ್ಕದ ತೋಟದವರೆಲ್ಲ ಸೇರಿ ಅಂಥ ಒಬ್ಬನನ್ನು ಗೊತ್ತು ಮಾಡಿದ್ದೆವು. ಅವನು ಕ್ಲಿಯರ್ ಅಂದ ತಾಕಿನಲ್ಲೇ ಒಂಟಿ ಸಲಗ ನಿಂತಿತ್ತು. ಹಣ್ಣು ಕುಯ್ಯಲು ಇಳಿದಿದ್ದ ಹೆಂಗಸೊಬ್ಬರ ಕಾಲು ಮುರಿದಿದೆ.

ರೋಬಸ್ಟಾ ಕುಯ್ಲು ಶುರುವಾಗಿತ್ತು. ಬೆಳಗ್ಗೆ ಆರಕ್ಕೇ ಬರ್ತೀನಿ ಅಂದಿದ್ದವನು ಬಂದಾಗ ಎಂಟೂವರೆ ದಾಟಿತ್ತು. ಗಾಡಿಯಿಂದ ಪೆಟ್ಟಿಗೆ ಇಳಿಸಿ, ಬ್ಯಾಟರಿ ಹಾಕಿ, ಅದು ಇದು ಅಂತ ಇನ್ನಷ್ಟು ಹೊತ್ತು. ಅಷ್ಟರಲ್ಲಿ ಮೇಸ್ತ್ರಿ ತಗ್ಗಿನ ಕಡೆ ಒಂದು ಸುತ್ತು ಹೋಗಿ ಬಂದರು. “ಅಯ್ಯಾ, ಬೈನೆ ಮರ ಮುರಿದು ಹಾಕಿದೆ. ಲದ್ದಿ ಇನ್ನೂ ಹಸಿ ಇದೆ, ಸ್ವಲ್ಪ ತಡೀರಿ” ಅಂದರು. ಡ್ರೋನ್ ಹುಡುಗ ಪರದೆ ತೋರಿಸಿದ. ನೇರಳೆ, ಕಿತ್ತಳೆ, ಹಳದಿ ಬಣ್ಣ, ನೋಡೋಕೆ ಚೆನ್ನಾಗಿಯೇ ಇತ್ತು. “ಆನೆ ಇದ್ದಿದ್ರೆ ಬಲ್ಬ್ ಹತ್ತಿದ ಹಾಗೆ ಕಾಣ್ತಿತ್ತು ಸಾರ್. ರಾತ್ರೀನೇ ದಾಟಿ ಹೋಗಿದೆ. ಕ್ಲಿಯರ್, ಕಳಿಸಿ” ಅಂದ. ಕೊಟ್ಟ ದುಡ್ಡು ಆ ಒಂದು ಮಾತಿಗೆ ತಾನೇ? ಹೆಂಗಸರು ಚೀಲ ತಗೊಂಡು ಇಳಿದರು.

ಅವನು ಅಷ್ಟಕ್ಕೇ ಬಿಟ್ಟಿದ್ದರೂ ಏನೋ ಅನ್ನಬಹುದಿತ್ತು. ಡ್ರೋನನ್ನು ಮರದ ತುದಿಯ ತನಕ ಇಳಿಸಿ, ಕುಯ್ಲಿನ ವಿಡಿಯೊ ತೆಗೆಯಲು ಹೊರಟ. ತನ್ನ ಪ್ರಚಾರಕ್ಕೆ. ಗುಂಯ್ ಅನ್ನೋ ಆ ಸದ್ದಿಗೆ ಕೆರೆ ಪಕ್ಕದ ಬಿದಿರು ಮೆಳೆ ಅಲ್ಲಾಡಿತು. ಸಲಗ ಹೊರಗೆ ಬಂದದ್ದು ಹೆಂಗಸರಿದ್ದ ಸಾಲಿನ ಕಡೆಗೇ. ಮೇಸ್ತ್ರಿ ಕೂಗಿಕೊಂಡರು, ಎಲ್ಲರೂ ಚೀಲ ಬಿಟ್ಟು ಮೇಲಕ್ಕೆ ಓಡಿದರು. ಒಬ್ಬರು ಮಳೆನೀರು ಇಂಗಲಿ ಅಂತ ತೋಡಿದ್ದ ತೊಟ್ಟಿಲು ಗುಂಡಿಗೆ ಕಾಲು ಹಾಕಿ ಬಿದ್ದರು. ಆನೆ ಅವರನ್ನು ದಾಟಿಕೊಂಡು ಪಕ್ಕದ ತೋಟಕ್ಕೆ ನುಗ್ಗಿ ಹೋಯಿತು. ತಿರುಗಿ ನಿಂತಿದ್ದರೆ ಏನಾಗುತ್ತಿತ್ತು ಅಂತ ಹಾಸನ ಜಿಲ್ಲೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನ ಉತ್ತರ ಕೇಳಿ: “ಅದು ಆಮೇಲೆ ಬಂದ ಆನೆ ಸಾರ್. ನಾನು ನೋಡಿದಾಗ ಇರಲಿಲ್ಲ.”

ಇತ್ತು. ಅವನೇ ಕಳಿಸಿದ ವಿಡಿಯೊದಲ್ಲೇ ಇದೆ. ಕ್ಯಾಮೆರಾ ಕೆಲಸ ಗೊತ್ತಿರುವ ನಮ್ಮ ಅಕ್ಕನ ಮಗ ರಜಕ್ಕೆ ಬಂದಿದ್ದ, ಲ್ಯಾಪ್‌ಟಾಪ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿದ. ಎರಡು ಸಿಲ್ವರ್ ಓಕ್ ನಡುವೆ ಒಂದು ಮಸುಕು ಕಲೆ ಬರುತ್ತೆ, ಸ್ವಲ್ಪ ಸರಿಯುತ್ತೆ, ಎಲೆಯ ಮರೆಗೆ ಹೋಗುತ್ತೆ. ಪಕ್ಕದ ಬಂಡೆ ಅದಕ್ಕಿಂತ ಜೋರಾಗಿ ಹೊಳೀತಿದೆ. ಮನೆಯ ತಗಡಿನ ಮಾಡು, ಕಾಫಿ ಒಣಗಿಸೋ ಕಣ ಎಲ್ಲ ಬೆಳ್ಳಗೆ ಉರೀತಿವೆ. ಬಲ್ಬ್ ಹತ್ತಿರೋದು ಅಲ್ಲೇ, ಆನೆ ಮೇಲಲ್ಲ.

ಇದರ ಕಾರಣ ಕಷ್ಟದ್ದೇನಲ್ಲ, ಆದರೆ ಮಾರುವವರು ಯಾರೂ ಹೇಳುವುದಿಲ್ಲ. ಥರ್ಮಲ್ ಕ್ಯಾಮೆರಾ ಮೈಯೊಳಗಿನ ಬಿಸಿ ನೋಡೋದಿಲ್ಲ, ಮೇಲ್ಮೈ ಬಿಸಿಯನ್ನು ಮಾತ್ರ ನೋಡುತ್ತೆ. ಎಲೆಯ ಆಚೆಗೆ ಏನಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಎಲೆ ಅಡ್ಡ ಬಂದರೆ ಎಲೆಯದೇ ಚಿತ್ರ. ನಮ್ಮ ತೋಟಗಳಲ್ಲಿ ಮೇಲೆ ಕಾಡುಮರ, ಸಿಲ್ವರ್ ಓಕ್, ಅದರ ಮೈತುಂಬ ಮೆಣಸಿನ ಬಳ್ಳಿ, ಕೆಳಗೆ ಹಾಲುವಾಣ, ಅದರಡಿ ಆಳೆತ್ತರದ ರೋಬಸ್ಟಾ. ಮೇಲಿನಿಂದ ನೆಲ ಕಾಣೋ ಜಾಗ ಎಷ್ಟಿದೆ ಹೇಳಿ? ಜೊತೆಗೆ ಆನೆ ಕೆರೆಯಲ್ಲಿ ಹೊರಳಿ ಕೆಸರು ಮೆತ್ತಿಕೊಂಡು ಬಂದಿರುತ್ತೆ. ಕೆಸರಿನ ಬಿಸಿಯೂ ಸುತ್ತಲಿನ ಮಣ್ಣಿನ ಬಿಸಿಯೂ ಹೆಚ್ಚು ಕಮ್ಮಿ ಒಂದೇ. ಬಿಸಿಲು ಬಿದ್ದ ಮೇಲಂತೂ ಬಂಡೆ, ಮಣ್ಣು, ಒಣ ಎಲೆ ಕಾಯುತ್ತಾ ಬಂದು ಒಂದು ಹಂತದಲ್ಲಿ ಪ್ರಾಣಿಯ ಮೈಗೆ ಸಮನಾಗುತ್ತವೆ. ಆಗ ಎಷ್ಟು ಒಳ್ಳೆ ಕ್ಯಾಮೆರಾ ಆದರೂ ಅಷ್ಟೇ. ಮಂಜು ಕವಿದಿದ್ದರೂ ಕಾಣುವ ದೂರ ಕಡಿಮೆಯಾಗುತ್ತೆ, ಮಲೆನಾಡಿನ ಬೆಳಗಿನಲ್ಲಿ ಅದೊಂದು ಬೇರೆ ತೊಂದರೆ.

ಜರ್ಮನಿಯಲ್ಲಿ ಹುಲ್ಲುಗಾವಲು ಕೊಯ್ಯುವ ಮೊದಲು ಯಂತ್ರಕ್ಕೆ ಸಿಕ್ಕಿ ಸಾಯಬಾರದು ಅಂತ ಜಿಂಕೆ ಮರಿಗಳನ್ನು ಥರ್ಮಲ್ ಡ್ರೋನ್‌ನಿಂದಲೇ ಹುಡುಕುತ್ತಾರೆ. ಚೆನ್ನಾಗಿಯೇ ಸಿಗುತ್ತವೆ. ಆದರೆ ಅದು ಬಯಲು, ಮೇಲೆ ಮರ ಇಲ್ಲ. ನೆಲ ಕಾಯುವ ಮೊದಲೇ, ನಸುಕಿನಲ್ಲೇ ಕೆಲಸ ಮುಗಿಸುತ್ತಾರೆ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ಜನರ ಮೇಲೆ ಬೀಳುತ್ತಿದ್ದ ತೋಳಗಳನ್ನು ಹುಡುಕಲು ಅರಣ್ಯ ಇಲಾಖೆ ಇದೇ ಥರದ ಡ್ರೋನ್ ಬಳಸಿತ್ತು. ಹಾಗಾಗಿ ಸಾಧನವೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಆನೆ ಕಂಡರೆ ಆನೆ ಇದೆ, ಅದು ನಿಜ. ಕಾಣದಿದ್ದರೆ ಆನೆ ಇಲ್ಲ ಅನ್ನುವುದೇ ಸುಳ್ಳು. ಇವರು ದುಡ್ಡು ತಗೊಂಡು ಮಾರುತ್ತಿರುವುದು ಈ ಎರಡನೆಯದನ್ನು.

ಇನ್ನೊಂದು ಮೋಸ ಸೆನ್ಸರ್‌ನಲ್ಲಿದೆ. ಆ ಡ್ರೋನ್ ಹುಡುಗ ನಮಗೆ “640 ಕ್ಯಾಮೆರಾ” ಅಂದಿದ್ದ, ಅಂದರೆ ಚಿತ್ರದ ಅಗಲಕ್ಕೆ 640 ಚುಕ್ಕಿ (ಪಿಕ್ಸೆಲ್). ಕಳಿಸಿದ ಫೋಟೊ ಫೈಲ್ ತೆರೆದರೆ 640×480 ಅಂತಲೇ ಇತ್ತು. ಆದರೆ ಡ್ರೋನ್ ಮಾಡೆಲ್ ಹುಡುಕಿ ನೋಡಿದರೆ ಒಳಗಿನ ಥರ್ಮಲ್ ಸೆನ್ಸರ್ ಬರೀ 160×120. ಸಣ್ಣ ಚಿತ್ರವನ್ನೇ ಹಿಗ್ಗಿಸಿ ದೊಡ್ಡ ಫೈಲ್ ಮಾಡಿ ಉಳಿಸುತ್ತೆ. ನಮ್ಮ ಅಕ್ಕನ ಮಗ ಲೆಕ್ಕ ಹಾಕಿ ತೋರಿಸಿದ: ನೂರು ಮೀಟರ್ ಎತ್ತರದಿಂದ ಅಂಥ ಸೆನ್ಸರ್‌ನ ಒಂದು ಚುಕ್ಕಿ ನೆಲದ ಮೇಲೆ ಸುಮಾರು 70 ಸೆಂಟಿಮೀಟರ್ ಆಗುತ್ತೆ. ಅಂದರೆ ನಿಂತಿರುವ ಮನುಷ್ಯ ಒಂದು ಚುಕ್ಕಿಯೂ ಆಗಲ್ಲ. ಆನೆ ನಾಲ್ಕೈದು ಚುಕ್ಕಿ ಉದ್ದ, ಅದೂ ಮೇಲೆ ಎಲೆ ಇಲ್ಲದಿದ್ದರೆ. ನಿಜವಾದ 640×512 ಸೆನ್ಸರ್ ಆದರೆ ಚುಕ್ಕಿ ಸುಮಾರು 15 ಸೆಂಟಿಮೀಟರ್‌ಗೆ ಇಳಿಯುತ್ತೆ. ಎಷ್ಟು ವ್ಯತ್ಯಾಸ ನೋಡಿ. ಆದ್ದರಿಂದ ಫೈಲ್ ಸೈಜ್ ಕೇಳಬೇಡಿ, ಮಾಡೆಲ್ ಹೆಸರು ಬರೆಸಿಕೊಂಡು ಥರ್ಮಲ್ ಸೆನ್ಸರ್ ಎಷ್ಟು ಅಂತ ನೀವೇ ನೋಡಿ.

ಇದಕ್ಕಿಂತ ಸುಲಭದ ಪರೀಕ್ಷೆ ಒಂದಿದೆ. ಮುಂಗಡ ಕೊಡುವ ಮೊದಲು, ಆನೆ ಇಲ್ಲ ಅಂತ ಖಾತ್ರಿ ಇರುವ ಮನೆ ಹತ್ತಿರದ ತಾಕಿನಲ್ಲಿ ನಿಮ್ಮವರೇ ಕೆಲವರು ಮರದಡಿ ಅಲ್ಲಲ್ಲಿ ನಿಲ್ಲಲಿ. ಎಷ್ಟು ಜನ ಅಂತ ಡ್ರೋನ್‌ನವನಿಗೆ ಹೇಳಬೇಡಿ. ಎಣಿಸು ಅನ್ನಿ. ಹೆಂಗಸರು ಇಳಿದ ಮೇಲೆ ಅವನು ತೆಗೆದ ವಿಡಿಯೊದಲ್ಲಿ ನಾವು ಅವರನ್ನು ಎಣಿಸೋಕೆ ನೋಡಿದೆವು. ಕೆಳಗೆ ಅಷ್ಟೂ ಜನ ಇದ್ದಾರೆ ಅಂತ ಗೊತ್ತಿದ್ದೂ ದಾರಿ ಮೇಲಿದ್ದವರನ್ನು ಬಿಟ್ಟು ಉಳಿದವರು ಸಿಗಲಿಲ್ಲ.

ಡ್ರೋನ್ ಸದ್ದಿನ ಬಗ್ಗೆ ಹಗುರವಾಗಿ ಇರಬೇಡಿ. ಟಾಂಜಾನಿಯಾ, ಕೀನ್ಯಾಗಳಲ್ಲಿ ಹೊಲಕ್ಕೆ ಬಂದ ಆನೆಗಳನ್ನು ಓಡಿಸಲು ಡ್ರೋನನ್ನೇ ಬಳಸಿದ್ದಾರೆ. ಓಡಿಸೋ ಸಾಧನವನ್ನು ತಂದು, ಕೆಳಗೆ ಜನ ಇರುವಾಗ ಆನೆಯ ತಲೆ ಮೇಲೆ ಸುತ್ತಿಸಿದರೆ ಅದು ಯಾವ ಕಡೆ ಓಡುತ್ತೆ ಅಂತ ಯಾರಿಗೆ ಗೊತ್ತು? ಮರಿ ಇರುವ ಹಿಂಡಾದರೆ ಕೇಳಲೇಬೇಡಿ. ಒಬ್ಬರೂ ತೋಟದೊಳಗೆ ಇಲ್ಲದಿರುವಾಗ, ಎತ್ತರದಲ್ಲೇ ಹಾರಿಸಬೇಕು. ಆಳು ಇಳಿದ ಮೇಲೆ ಡ್ರೋನ್ ಪೆಟ್ಟಿಗೆಯಲ್ಲಿರಬೇಕು. ಈ ಷರತ್ತಿಗೆ ಒಪ್ಪದವನನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಆಸ್ಪತ್ರೆ ಖರ್ಚು ನಾವೇ ನೋಡಿಕೊಂಡೆವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡ್ರೋನ್ ಹುಡುಗನಿಂದಲೂ ವಸೂಲಿ ಆಗಲಿ ಅಂತ ಇನ್ಶೂರೆನ್ಸ್ ಕಾಗದ ಕೇಳಿದಾಗ ಬಣ್ಣ ಬಯಲಾಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ದುಡ್ಡಿಗೆ ಹಾರಿಸುವ ಇಂಥ ಡ್ರೋನ್‌ಗೆ ಗುರುತಿನ ಸಂಖ್ಯೆ, ಅಂದರೆ ಯುಐಎನ್ ಬೇಕು. ಹಾರಿಸುವವನಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. 250 ಗ್ರಾಂ ಒಳಗಿನ ನ್ಯಾನೊ ಡ್ರೋನ್ ಬಿಟ್ಟು ಉಳಿದದ್ದಕ್ಕೆ ಥರ್ಡ್ ಪಾರ್ಟಿ ವಿಮೆ ಬೇಕು. ಇವನ ಹತ್ತಿರ ಮೂರೂ ಇಲ್ಲ. ಡ್ರೋನ್ ಎಲ್ಲಿಂದ ತಂದೆ ಅಂದರೆ ಬಾಯಿ ಬಿಡಲ್ಲ. ಹೊರದೇಶದ ಡ್ರೋನ್ ಆಮದಿಗೆ 2022ರ ಫೆಬ್ರವರಿಯಿಂದ ನಿಷೇಧ ಇದೆ, ವಿನಾಯಿತಿ ಇರೋದು ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ. ಕಳ್ಳದಾರಿಯಲ್ಲಿ ಬಂದ ಮಾಲು ನಿಮ್ಮ ತೋಟದ ಮೇಲೆ ಹಾರಿ ಅನಾಹುತ ಆದರೆ ಪೊಲೀಸರು ಮೊದಲು ಕೇಳೋದು ನಿಮ್ಮನ್ನೇ. ಮೂರೂ ಕಾಗದದ ಫೋಟೊ ಮೊದಲೇ ವಾಟ್ಸಾಪ್‌ಗೆ ತರಿಸಿಕೊಳ್ಳಿ. ತೋಟ ಮೀಸಲು ಅರಣ್ಯಕ್ಕೆ ತಾಗಿದ್ದರೆ ರೇಂಜ್ ಆಫೀಸಿನಲ್ಲಿ ಕೇಳದೆ ಹಾರಿಸಲೇಬೇಡಿ.

ಅರಣ್ಯ ಇಲಾಖೆಯ ಬಗ್ಗೆ ನನಗೂ ಸಿಟ್ಟಿದೆ, ಬೆಳೆ ಪರಿಹಾರದ ವಿಷಯ ಎತ್ತಿದರೆ ಇನ್ನೊಂದು ಇಷ್ಟುದ್ದದ ಬರಹ ಆಗುತ್ತೆ. ಆದರೂ ಆನೆ ಎಲ್ಲಿದೆ ಅನ್ನುವ ವಿಷಯಕ್ಕೆ ಇಲಾಖೆಯ ಆನೆ ಕಾರ್ಯಪಡೆಯ ಹುಡುಗರೇ ವಾಸಿ. ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಹಾಕಿದ್ದಾರೆ, ಹಿಂಡು ಎಲ್ಲಿ ತಂಗಿದೆ ಅಂತ ಮೆಸೇಜ್ ಬರುತ್ತೆ, ಅವರು ಹೆಜ್ಜೆ ಹಿಡಿದು ನಡೆದು ನೋಡುವವರು. ಒಂಟಿ ಸಲಗಗಳೆಲ್ಲಕ್ಕೂ ಕಾಲರ್ ಇಲ್ಲ, ಮೆಸೇಜ್ ಬರದಿದ್ದರೆ ಆನೆ ಇಲ್ಲ ಅಂತಲೂ ಅಲ್ಲ. ಡ್ರೋನ್ ಬೇಕೇ ಬೇಕು ಅಂದರೆ ಇದೆಲ್ಲದರ ಜೊತೆಗೆ ಇನ್ನೊಂದು ಕಣ್ಣಾಗಿ ಇಟ್ಟುಕೊಳ್ಳಿ. ಮೇಸ್ತ್ರಿ ಹಸಿ ಲದ್ದಿ ಅಂದರೆ ಆ ದಿನ ಆ ತಾಕು ಬಿಡಿ, ಬೇರೆ ಕಡೆ ಕುಯ್ಸಿ. ನಾವೀಗ ಹಾಗೇ ಮಾಡ್ತಿದ್ದೇವೆ. ಕೆಲಸ ಒಂದೆರಡು ದಿನ ಹಿಂದೆ ಬೀಳುತ್ತೆ, ಹಣ್ಣು ಗಿಡದಲ್ಲೇ ಸ್ವಲ್ಪ ಒಣಗುತ್ತೆ, ಅಷ್ಟೇ.

ಮುಂಗಡ ವಾಪಸ್ ಬಂದಿಲ್ಲ. ಆ ಹುಡುಗ ಈಗ ಪಕ್ಕದ ತಾಲೂಕಿನಲ್ಲಿ ಹೊಸ ಹೆಸರಿನಲ್ಲಿ ತಿರುಗುತ್ತಿದ್ದಾನಂತೆ, ನಮ್ಮ ತೋಟದ ವಿಡಿಯೊವನ್ನೇ ಸ್ಯಾಂಪಲ್ ಅಂತ ಕಳಿಸುತ್ತಿದ್ದಾನಂತೆ. ಎಡಗಡೆ ಕೆರೆ, ಬಲಗಡೆ ಕಣ, ನಡುವೆ ಎರಡು ಎತ್ತರದ ಸಿಲ್ವರ್ ಓಕ್ ಇರುವ ಕ್ಲಿಪ್ ನಿಮಗೆ ಬಂದರೆ ಅದೇ ಇದು. ಆನೆ ಎಲ್ಲಿದೆ ತೋರಿಸು ಅಂತ ಅವನನ್ನೇ ಕೇಳಿ.