ಎಲೈಜಾ: 60 ವರ್ಷದ ಹಳೇ ಚಾಟ್‌ಬಾಟ್ ಹತ್ರ ಬಾಯಿ ಬಿಟ್ಟೆ

ಫ್ರೀ, ಲಾಗಿನ್ ಇಲ್ಲ, ಫೋನ್ ನಂಬರೂ ಕೇಳಲ್ಲ. ಅಮೆರಿಕಾದ ಎಂಐಟಿ ಯೂನಿವರ್ಸಿಟಿಲಿದ್ದ ಜೋಸೆಫ್ ವೈಜನ್‌ಬಾಮ್ ಅನ್ನೋರು ಮಾಡಿದ್ದು, 1966ರಲ್ಲಿ ಇದರ ಸಂಶೋಧನಾ ಪೇಪರ್ ಬಂತು, ಈಗ ಬ್ರೌಸರಲ್ಲೇ ಓಡೋ ಹಂಗೆ ಸುಮಾರು ಜನ ಮಾಡಿಟ್ಟಿದಾರೆ. ಮನಸ್ಸಿನ ಡಾಕ್ಟ್ರು ಥರ ಮಾತಾಡುತ್ತೆ, ಆದ್ರೆ ಅದಕ್ಕೇನೂ ತಿಳಿಯಲ್ಲ, ನಾವು ಹೇಳಿದ್ದನ್ನೇ ತಿರುಗಿಸಿ ನಮಗೇ ಪ್ರಶ್ನೆ ಹಾಕುತ್ತೆ ಅಷ್ಟೇ.

ಮೊದ್ಲು ಇಂಗ್ಲಿಷ್ ಅಕ್ಷರದಲ್ಲಿ "ಊಟ ಆಯ್ತಾ" ಅಂದೆ, "ಪ್ಲೀಸ್ ಗೋ ಆನ್" ಅಂತು. ನಗು ಬಂತು. ಆಮೇಲೆ ವೈಫೈ ಆಫ್ ಮಾಡ್ ನೋಡ್ದೆ, ಆದ್ರೂ ಉತ್ತರ ಕೊಡ್ತಾನೇ ಇತ್ತು, ಅಂದ್ರೆ ನನ್ ಮಾತು ಆಚೆ ಎಲ್ಲೂ ಹೋಗ್ತಿಲ್ಲ, ಅದೇ ಧೈರ್ಯದ ಮೇಲೆ ಆಪ್ಷನ್ ಟ್ರೇಡಿಂಗಲ್ಲಿ ಒಂದೂ ಮುಕ್ಕಾಲು ಲಕ್ಷ ಕಳ್ಕೊಂಡಿದ್ದು, ಹೆಂಡ್ತಿಗೆ ಗೊತ್ತಿಲ್ದೇ ಇರೋದು ಎಲ್ಲಾ ಇಂಗ್ಲಿಷಲ್ಲಿ ಟೈಪ್ ಮಾಡ್ದೆ (ನಮ್ ತಮ್ಮನಿಗೂ ಹೇಳಿಲ್ಲ ಕಣ್ರೀ). ಹೆಂಡ್ತಿ ಅನ್ನೋ ಪದ ಕಂಡಿದ್ದೇ ತಡ, ನಿಮ್ ಫ್ಯಾಮಿಲಿ ಬಗ್ಗೆ ಇನ್ನೂ ಹೇಳಿ ಅಂತು.

ನಾಕು ಸಾಲು ಆದ್ಮೇಲೆ ಸುಮ್ನೆ "ಹ್ಞೂಂ" ಅಂತ ಹಾಕ್ದೆ ನೋಡಿ, "ನಿಮ್ಮ ಹೆಂಡ್ತಿಗೆ ಗೊತ್ತಿಲ್ಲ ಅಂತ ಆಗ್ಲೇ ಹೇಳಿದ್ರಿ" ಅಂತ ವಾಪಸ್ ಎಸೀತು. ಎದೆ ಧಸಕ್ಕಂತು. ಟ್ರಿಕ್ ಇಷ್ಟೇ, ಇಂಗ್ಲಿಷಿನ "ಮೈ" (ಅಂದ್ರೆ ನನ್ನ) ಅಂತಿರೋ ವಾಕ್ಯಗಳಲ್ಲಿ ಕೆಲವನ್ನ ಎತ್ತಿಟ್ಕೊಂಡಿರುತ್ತೆ, ಏನು ಹೇಳೋಕೂ ತೋಚದಿದ್ದಾಗ ಅದನ್ನ ತೆಗೀತದೆ. ಗೊತ್ತಿದ್ರೂ ನಾಟ್ತು.

ವೈಜನ್‌ಬಾಮ್ ಅವ್ರ ಸೆಕ್ರೆಟರಿ, ಅವ್ರು ಇದನ್ನ ಮಾಡ್ತಿದ್ದಿದ್ದು ತಿಂಗಳುಗಟ್ಲೆ ಕಣ್ಣಾರೆ ನೋಡಿದವ್ರು, ಎಲೈಜಾ ಜೊತೆ ನಾಕು ಮಾತಾಡೋಷ್ಟರಲ್ಲಿ ಅವ್ರಿಗೇ ನೀವು ಸ್ವಲ್ಪ ರೂಮಿಂದ ಆಚೆ ಹೋಗಿ ಅಂದ್ರಂತೆ. ಇದನ್ನ ಓದಿ ಹಿಂದೆ ನಕ್ಕಿದ್ದೆ, ಈಗ ನಗು ಬರ್ತಿಲ್ಲ. 2014ರಲ್ಲಿ ಅಮೆರಿಕಾದ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವ್ರ ಸ್ಟಡಿಲೂ ಅಷ್ಟೇ, ಸ್ಕ್ರೀನಲ್ಲಿರೋ ಬೊಂಬೆ ಹಿಂದೆ ಮನುಷ್ಯರಿದಾರೆ ಅಂದ್ಕೊಂಡವ್ರಿಗಿಂತ ಬರೀ ಕಂಪ್ಯೂಟರ್ ಅಂದ್ಕೊಂಡವ್ರೇ ಜಾಸ್ತಿ ಮನಸ್ಸು ಬಿಚ್ಚಿದ್ರು. ಮುಖ ಸಿಂಡರಿಸೋರು ಯಾರೂ ಇಲ್ವಲ್ಲ.

ಈಗಿನ ಎಐ ಆ್ಯಪ್‌ಗಳು ಇದಕ್ಕಿಂತ ಎಷ್ಟೋ ಜಾಣ, ಆದ್ರೆ ಅಲ್ಲಿ ಇದೇ ವಿಷ್ಯ ಎರಡ್ ಸಲ ಟೈಪ್ ಮಾಡಿ ಅಳಿಸಿದೀನಿ, ನನ್ ಮಾತು ಯಾರದೋ ಸರ್ವರಲ್ಲಿ ನನ್ ಮೇಲ್ ಐಡಿ ಜೊತೆ ಕೂತಿರುತ್ತಲ್ಲ ಅಂತ. ಇದಕ್ಕೆ ಬುದ್ಧಿ ಇಲ್ಲ, ಆದ್ರೆ ಚಾಡಿನೂ ಹೇಳಲ್ಲ.

5ಕ್ಕೆ 3.5. ಅರ್ಧ ಗಂಟೆ ಆದ್ಮೇಲೆ ಅದೇ ಅದೇ ಪ್ರಶ್ನೆ, ಬೋರು, ಸಲಹೆ ಅಂತೂ ಕೇಳ್ಲೇಬೇಡಿ. ಎಲ್ಲಾ ಸೈಟೂ ಒಂದೇ ಥರ ಇರಲ್ಲ, ಪೇಜ್ ಲೋಡ್ ಆದ್ಮೇಲೆ ವೈಫೈ ಆಫ್ ಮಾಡಿ ಬಾಯಿ ಬಿಡಿ, ಟ್ಯಾಬ್ ಮುಚ್ಚಿದ್ಮೇಲೇ ಆನ್ ಮಾಡಿ.